ಇಲ್ಲದ ತಕ್ಕಡಿ

ಚಾಲಕನಿಲ್ಲದೆ ತಾನೇ ನೇರ ಬರುತ್ತಿದ್ದ ಯಂತ್ರಗಾಡಿ ಗೋದಾಮಿನ ನಟ್ಟನಡುವೆ, ಏನೂ ಇಲ್ಲದ ಜಾಗವನ್ನು ಸುತ್ತಿಕೊಂಡು ಹೋಗಿ ಮತ್ತೆ ನೇರವಾಯಿತು. ಮೇಸ್ತ್ರಿ ಅದರತ್ತ ಎರಡು ಹೆಜ್ಜೆ ಹಾಕಿ ನಿಂತ. ಈ ಗೋದಾಮು ಹೊಸ ಯಂತ್ರಗಳಿಗೆ ತಯಾರಿದೆಯೇ ಎಂದು ಪರೀಕ್ಷಿಸಲು ಬಂದಿದ್ದ ಮೇಡಂ ಹಾಳೆಯಿಂದ ತಲೆ ಎತ್ತಿದರು.

“ಯಾಕ್ರೀ ಸುತ್ತು ಹಾಕ್ತು? ಅಲ್ಲೇನಿದೆ?”

“ಏನೂ ಇಲ್ಲ ಮೇಡಂ. ವಾರವಿಡೀ ನನ್ನ ಹಿಂದೆ ಹಿಂದೆಯೇ ಬಂದು ದಾರಿ ಕಲ್ತಿದೆ. ನಾನಂತೂ ಸೊಟ್ಟಗೆ ನಡೆಯೋನಲ್ಲ.”

ಅಷ್ಟರಲ್ಲಿ ಪೆಟ್ಟಿಗೆ ಹೊತ್ತ ಇಬ್ಬರು ಹಮಾಲರು ಬಂದರು. ಅದೇ ಜಾಗವನ್ನು ಸುತ್ತಿಕೊಂಡು ಹೋದರು. ಚೀಟಿ ಅಂಟಿಸುವ ಅಕ್ಕನೂ ಹಾಗೇ ಹೋದಳು. ಗಾಡಿ ನಿಲ್ಲಿಸಲು ಓಡಿದ ಮೇಸ್ತ್ರಿಯ ಕಾಲೂ ತಾನಾಗಿ ಪಕ್ಕಕ್ಕೆ ಸರಿಯಿತು. ಅವನು ಗಕ್ಕನೆ ನಿಂತು, ಹೊಟ್ಟೆ ಹಿಡಿದುಕೊಂಡು ನಕ್ಕ.

“ಅಯ್ಯೋ, ಇಲ್ಲಿ ದೊಡ್ಡ ತಕ್ಕಡಿ ಇತ್ತು ಮೇಡಂ! ಅದನ್ನ ಕಿತ್ತು ಹನ್ನೆರಡು ವರ್ಷ ಆಯ್ತು. ನಮ್ಮ ಕಾಲಿಗೆ ಮಾತ್ರ ಇನ್ನೂ ಸುದ್ದಿ ಮುಟ್ಟಿಲ್ಲ!”

ಮೇಡಂ ತುಟಿ ಕಚ್ಚಿ ನಗು ತಡೆದುಕೊಂಡರು. ಹಾಳೆಯಲ್ಲಿ ಕೊನೆಯ ಪ್ರಶ್ನೆಯೊಂದು ಉಳಿದಿತ್ತು: ‘ಯಂತ್ರವು ಇಲ್ಲಿನ ಕೆಲಸಗಾರರೊಂದಿಗೆ ಹೊಂದಿಕೊಂಡಿದೆಯೇ?’ ‘ಹೌದು’ ಎಂದು ಗುರುತು ಹಾಕಿ, ಹಾಳೆ ಮಡಚಿ, ಬಾಗಿಲ ಕಡೆ ಹೊರಟರು. ನಡುವೆ ಬಂದಾಗ ಅವರೂ ಆ ಇಲ್ಲದ ತಕ್ಕಡಿಯನ್ನು ಸುತ್ತಿಕೊಂಡೇ ಹೋದರು.