ಚೆಲ್ಲಬೇಕಾದ ಹಾಲು

“ಚೆಲ್ಲಲೇ ಇಲ್ವಲ್ಲಮ್ಮ!” ವಕೀಲರು ಹಣೆ ಚಚ್ಚಿಕೊಂಡರು. “ಕಟ್, ಕಟ್!”

ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದ ಹುಡುಗಿ ಎರಡು ಹಿಡಿಯ ಲೋಟವನ್ನು ಒದ್ದೆ ಬಟ್ಟೆಯ ಮೇಲೆ ಇಳಿಸಿ, ತುಟಿಯ ಮೇಲೆ ಹಾಲಿನ ಮೀಸೆ ಹೊತ್ತು, ಗೆದ್ದವಳಂತೆ ತಾಯಿಯ ಕಡೆ ನೋಡಿದಳು. ದಿನವೂ ಸಿಗುವ ಭೇಷ್ ಇಂದು ಸಿಗಲಿಲ್ಲ. ತಾಯಿ ಮೀಸೆ ಒರೆಸಿದಳು, ಅಷ್ಟೇ.

ಚಿತ್ರೀಕರಣ ಕೋರ್ಟಿಗಾಗಿ ನಡೆದಿತ್ತು. ಈ ಮಗು ಹುಟ್ಟುವಾಗ ಎದೆಬಡಿತ ಇಳಿಯುತ್ತಿದೆ ಎಂದು ನರ್ಸ್ ಮತ್ತೆ ಮತ್ತೆ ಹೇಳಿ ಕಳಿಸಿದರೂ ಡಾಕ್ಟರು ಬಹಳ ಹೊತ್ತಿನವರೆಗೆ ಹೆರಿಗೆ ಕೋಣೆಯ ಕಡೆ ಸುಳಿದಿರಲಿಲ್ಲ. ಉಸಿರು ಸಾಲದೆ ಮಿದುಳಿನ ಒಂದು ಭಾಗ ಸತ್ತಿತು. ಸತ್ತದ್ದು ಕೈಕಾಲು, ನಾಲಿಗೆಗಳನ್ನು ಅಂಕೆಯಲ್ಲಿಡುವ ಭಾಗ, ಅರ್ಥಮಾಡಿಕೊಳ್ಳುವ ಭಾಗವಲ್ಲ. ಸೆರೆಬ್ರಲ್ ಪಾಲ್ಸಿ ಎಂದರು. ‘ಮಗು ಹುಟ್ಟುವಾಗಲೇ ಹಾಗಿತ್ತು’ ಎಂಬುದು ಆಸ್ಪತ್ರೆಯ ವಾದ, ಹುಟ್ಟಿದ್ದು ಬೇರೆಲ್ಲೋ ಎಂಬಂತೆ. ತನ್ನ ನಂತರ ಇವಳನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಒಂದೇ ಯೋಚನೆಯಲ್ಲಿ ತಾಯಿ ಈ ಕೇಸನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಹಾಗಾಗಿ ವಕೀಲರನ್ನೂ ಸಹಿಸಿಕೊಂಡಿದ್ದಳು.

“ಜಡ್ಜ್ ಸಾಹೇಬ್ರ ಕರುಳು ಚುರುಕ್ ಅನ್ಬೇಕು,” ಎಂದರು ವಕೀಲರು. ನೀರು ಚೆಲ್ಲಿದರೆ ಕ್ಯಾಮೆರಾದಲ್ಲಿ ಎದ್ದು ಕಾಣುವುದಿಲ್ಲವೆಂದು ಹಾಲು ತರಿಸಿದವರೂ ಅವರೇ. “ಹೀಗೆ ಲಕ್ಷಣವಾಗಿ ಕುಡಿದ್ರೆ ನಾನೇನು ವಾದ ಮಾಡ್ಲಿ? ಕಾಲ ಕೆಳಗಿನ ಪೆಟ್ಟಿಗೆ ತೆಗೀರಿ. ಒದ್ದೆ ಬಟ್ಟೆನೂ ತೆಗೀರಿ. ತಲೆ ಯಾಕಮ್ಮ ಇಷ್ಟು ನೀಟಾಗಿ ಬಾಚಿದೀರಿ?”

ಪಾದ ಊರಲು ಪೆಟ್ಟಿಗೆ, ಲೋಟ ಜಾರದಿರಲು ಒದ್ದೆ ಬಟ್ಟೆ, ಮೇಜಿಗೆ ಒತ್ತಿದ ಮೊಣಕೈ, ಕೈ ಅಂಕೆ ತಪ್ಪದಿರಲು ಲೋಟದ ಕಡೆ ನೋಡದ ಕಣ್ಣು: ಇಷ್ಟನ್ನು ಕಲಿಸುವುದರಲ್ಲಿ ಮಗಳ ಅರ್ಧ ಬಾಲ್ಯ ಕಳೆದಿತ್ತು. ತಾಯಿ ಬಗ್ಗಿ ಪೆಟ್ಟಿಗೆ ಎಳೆದಳು, ಬಟ್ಟೆ ತೆಗೆದು ಲೋಟಕ್ಕೆ ಮತ್ತೆ ಹಾಲು ತುಂಬಿದಳು. “ಇವತ್ತೊಂದಿನ ಚೆಲ್ಲಿಬಿಡು ಚಿನಕುರುಳಿ,” ಎಂದು ಮಗಳ ಕಿವಿಯಲ್ಲಿ ಉಸುರಿದಳು. ಬಾಯಿ ತೆರೆದರೆ ಮುಚ್ಚದವಳಿಗೆ ಅಪ್ಪ ಇಟ್ಟ ಹೆಸರು ಅದು. ಅವಳಾಡುವ ಮಾತು ಮನೆಯವರಿಗೆ ಮಾತ್ರ ತಿಳಿಯುತ್ತಿತ್ತು.

ಹುಡುಗಿ ಕತ್ತು ತಿರುಚಿ, ದವಡೆ ಎಳೆದು, ಉದ್ದಕ್ಕೆ ಏನೋ ಹೇಳಿದಳು.

“ಏನಂತೆ ಪಾಪ? ಹಸಿವಂತಾ?” ಎಂದರು ವಕೀಲರು.

“ಡಾಕ್ಟರು ಲೇಟಾಗಿ ಬಂದಿದ್ದಕ್ಕೆ ನಾನ್ಯಾಕೆ ಪೆದ್ದಿ ಥರ ಆಡ್ಬೇಕು ಅಂತ ಕೇಳ್ತಿದಾಳೆ.”

ಕ್ಯಾಮೆರಾದವನು ಕೆಮ್ಮಿದ. ವಕೀಲರು ನಕ್ಕರು. “ಅವಳಿಗೇನು ಗೊತ್ತಾಗುತ್ತಮ್ಮ, ನೀವೇ ಸೇರಿಸಿ ಹೇಳ್ತೀರಿ. ತಾಯಿ ಕರುಳು. ಅರ್ಜೀಲೇ ಬರೆದಿದೀನಲ್ಲ, ಏನೂ ತಿಳಿಯದ ಜೀವ ಅಂತ.”

“ಹಾಗೆ ಬರೀಬೇಡಿ ಅಂತ ಅವತ್ತೇ ಹೇಳಿದ್ದೆ ಸಾರ್. ಎಲ್ಲಾ ತಿಳಿಯುತ್ತೆ, ಮೈ ಮಾತ್ರ ಕೇಳಲ್ಲ. ಅನ್ಯಾಯ ಆಗಿರೋದೇ ಅಲ್ಲಿ. ಅದನ್ನೇ ತೋರಿಸಿ.”

“ಬುದ್ಧಿವಂತರನ್ನ ಕಂಡು ಯಾರಮ್ಮ ಮರುಗ್ತಾರೆ?” ಎನ್ನುತ್ತಾ ಅವರು ಹುಡುಗಿಯ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತರು. ಕಿವುಡಿಗೆ ಹೇಳುವಂತೆ ಕೂಗಿದರು: “ಪುಟ್ಟೀ! ಲೋಟ! ನೋಡು! ಎತ್ತು! ಹ್ಞಾಂ, ಕ್ಯಾಮೆರಾ!”

ಹುಡುಗಿ ಲೋಟ ನೋಡಲಿಲ್ಲ. ವಕೀಲರನ್ನು ನೋಡಿದಳು. ಪಾದ ಗಾಳಿಯಲ್ಲಿ ಅದುರುತ್ತಿದ್ದರೂ ಮೊಣಕೈಯನ್ನು ಮೇಜಿಗೆ ಒತ್ತಿ ಲೋಟ ಎತ್ತಿದಳು. ಅಂಕೆ ತಪ್ಪಿದಾಗ ಅವಳ ಕೈ ಸುತ್ತು ಬಳಸಿ ಎತ್ತಲೋ ಹೋಗುತ್ತದೆ ಎಂದು ತಾಯಿ ಬಲ್ಲಳು. ಈಗ ಅದು ನೆಟ್ಟಗೆ ಹೋಯಿತು. ಹಾಲು ವಕೀಲರ ಕನ್ನಡಕದಿಂದ ಗಲ್ಲಕ್ಕೆ, ಗಲ್ಲದಿಂದ ಬಿಳಿ ಪಟ್ಟಿಗೆ, ಅಲ್ಲಿಂದ ಕರಿ ಕೋಟಿನುದ್ದಕ್ಕೂ ಇಳಿಯಿತು.

“ಬೇಕಂತಲೇ ಮಾಡಿದಾಳೆ!” ವಕೀಲರು ಎಗರಿ ನಿಂತರು. “ನೋಡ್ಕೊಂಡು, ಗುರಿಯಿಟ್ಟು ಎರಚಿದಾಳೆ! ಎಲ್ಲಾ ಗೊತ್ತಾಗುತ್ತೆ ಇವಳಿಗೆ, ಪಾಕಡಾ!”

ತಾಯಿ ಕ್ಯಾಮೆರಾದವನತ್ತ ತಿರುಗಿದಳು. “ಸಾರ್ ಹೇಳಿದ್ದು ಬಂತಾ?”

“ಪೂರ್ತಿ ಬಂದಿದೆ ಅಕ್ಕಾ.”

“ಅಳಿಸಬೇಡಿ. ಕೋರ್ಟಿಗೆ ಅದೇ ಹೋಗ್ಲಿ.” ಅವಳು ಪೆಟ್ಟಿಗೆಯನ್ನು ಮತ್ತೆ ಮಗಳ ಕಾಲಡಿಗೆ ತಳ್ಳಿದಳು.

ಹುಡುಗಿ ಪಾದ ಊರಿ, ಬೆನ್ನು ನೆಟ್ಟಗೆ ಮಾಡಿ, ಹಾಲು ತೊಟ್ಟಿಕ್ಕುತ್ತಿದ್ದ ವಕೀಲರನ್ನು ಅಡಿಯಿಂದ ಮುಡಿವರೆಗೆ ನೋಡಿದಳು. ದವಡೆ ಎಳೆದು ಒಂದೇ ಒಂದು ಪದ ಆಡಿದಳು. ಅದನ್ನು ಬಿಡಿಸಿ ಹೇಳಲು ತಾಯಿ ಬೇಕಾಗಲಿಲ್ಲ.

“ಕಟ್.”