ಹಿಂದಿನ ಸೀಟಿನವರು

ಸೀಮೆಎಣ್ಣೆಯ ವಾಸನೆ ಅಂದರೆ ಅವಳಿಗೆ ಅಮ್ಮನ ಸ್ಟೌ. ಬತ್ತಿ ಏರಿಸಿ, ಕಡ್ಡಿ ಗೀರಿ, ಹೊಗೆಗೆ ಮುಖ ಕಿವುಚುತ್ತಿದ್ದ ಅಮ್ಮ. ವಿಮಾನದ ಇಂಧನಕ್ಕೂ ಹೆಚ್ಚುಕಡಿಮೆ ಅದೇ ವಾಸನೆ. ಮಳೆಯಲ್ಲಿ ರೆಕ್ಕೆಯ ಕೆಳಗೆಲ್ಲ ನೋಡಿಕೊಂಡು, ಆ ವಾಸನೆಯನ್ನು ಮೈಗೆ ಹತ್ತಿಸಿಕೊಂಡು ಕೋ-ಪೈಲಟ್ ಆದ ಅವಳು ಕಾಕ್‌ಪಿಟ್ಟಿಗೆ ಬಂದಾಗ, ಹಿಂದಿನ ಮಡಿಚುವ ಸೀಟಿನಲ್ಲಿ ಒಬ್ಬರು ಕೂತಿದ್ದರು.

ಅವಳು ಬಾಗಿಲಲ್ಲೇ ನಿಂತಳು.

“ಇವರು ನಮ್ ಜೊತೆ ಬರ್ತಾರಮ್ಮ,” ಎಂದರು ಕ್ಯಾಪ್ಟನ್. “ನಿನಗೇನೂ ಅಡ್ಡಿ ಇಲ್ಲ ತಾನೆ?”

ಅಡ್ಡಿ ಇದೆ ಅನ್ನುವವರುಂಟೆ? ಪರೀಕ್ಷಕರು ಈ ತಿಂಗಳು ಹೇಳದೆ ಕೇಳದೆ ಬಂದು ಕೂರುತ್ತಾರೆಂದು ಸಿಬ್ಬಂದಿಯ ಕೋಣೆಯಲ್ಲೆಲ್ಲ ಗುಸುಗುಸು. ಅವರು ಒಪ್ಪಿದರೆ ಅವಳೂ ಕ್ಯಾಪ್ಟನ್. ಹೋದ ಸಲ ಕೈತಪ್ಪಿತ್ತು. ಧೈರ್ಯ ಸಾಲದು ಎಂದಿದ್ದರು. ಈ ಸಲವೂ ತಪ್ಪಿದರೆ ಜೀವಮಾನವಿಡೀ ಕೋ-ಪೈಲಟ್ ಸೀಟೇ ಗತಿ.

ಕೂತವರು ನಡುವಯಸ್ಸಿನವರು. ಆಗಷ್ಟೇ ಕತ್ತರಿಸಿದ ಕೂದಲು, ಮುಖ ಕಾಣುವಷ್ಟು ಹೊಳೆಯುವ ಬೂಟು, ತೊಡೆಯ ಮೇಲೊಂದು ರಟ್ಟಿನ ಡಬ್ಬಿ. ಅವಳ ಮುಖದಿಂದ ನೀರು ತೊಟ್ಟಿಕ್ಕುವುದನ್ನು ಕಂಡು ತಮ್ಮ ಕರವಸ್ತ್ರ ಚಾಚಿದರು. ಒರೆಸಿಕೊಳ್ಳಬೇಕೋ ಬೇಡವೋ ಎಂಬುದೂ ಪರೀಕ್ಷೆಯೇ ಇರಬಹುದೆಂದು ಅವಳು ಅರ್ಧ ಮುಖ ಮಾತ್ರ ಒರೆಸಿಕೊಂಡಳು.

ಅಂದು ವಿಮಾನ ನಡೆಸುವ ಸರದಿ ಅವಳದು. ದಾರಿಯುದ್ದಕ್ಕೂ ಏನೂ ತಕರಾರಿರಲಿಲ್ಲ. ಇಳಿಯುವ ಊರಿನ ಮೇಲೆ ಮಾತ್ರ ಮೋಡ ಗೋಡೆ ಕಟ್ಟಿಕೊಂಡು ಕೂತಿತ್ತು. ಸುತ್ತು ಹಾಕುತ್ತ ಕಾದರು. ಇಂಧನ ಕರಗಿತು. ಅಪ್ಪಣೆ ಸಿಕ್ಕಾಗ ಅವಳು ಕೆಳಗಿಳಿಸುತ್ತ ಬಂದಳು. ಕಾಣಲೇಬೇಕಾದ ಎತ್ತರಕ್ಕೆ ಬಂದರೂ ರನ್‌ವೇಯ ಒಂದು ದೀಪವೂ ಕಾಣಲಿಲ್ಲ. ವಿಮಾನದ ಮೂತಿ ಎತ್ತಿ ಮತ್ತೆ ಮೇಲಕ್ಕೇರಿಸಿದಳು.

ಹಿಂದಿನ ಸೀಟಿನವರು ಕೈಗಡಿಯಾರ ನೋಡಿಕೊಂಡರು.

ಈಗ ಉಳಿದದ್ದು ಎರಡೇ ದಾರಿ. ಇಲ್ಲೇ ಇನ್ನೊಮ್ಮೆ ಪ್ರಯತ್ನಿಸುವುದು, ಇಲ್ಲವೇ ಬಿಸಿಲಿರುವ ಪಕ್ಕದ ಊರಿಗೆ ಹೋಗುವುದು. ಎರಡಕ್ಕೂ ಆಗುವಷ್ಟು ಇಂಧನವಿರಲಿಲ್ಲ. ಅಷ್ಟರಲ್ಲಿ, ಬೆನ್ನಿಗೇ ಬಂದ ಇನ್ನೊಂದು ವಿಮಾನ ಇಳಿದೇಬಿಟ್ಟಿತೆಂದು ರೇಡಿಯೋ ಹೇಳಿತು.

ನೀನೇನಂತೀಯಮ್ಮ ಎಂದು ಕ್ಯಾಪ್ಟನ್ ಅವಳನ್ನು ಕೇಳಿದರು. ಹಿಂದಕ್ಕೆ ತಿರುಗಿ ಅವರನ್ನೂ ಕೇಳಿದರು.

“ನನ್ನ ಕೇಳ್ಬೇಡಿ,” ಎಂದರು ಅವರು. “ನಾನು ಬಾಯಿಬಿಟ್ರೆ ತಪ್ಪಾಗುತ್ತೆ.”

ಮತ್ತೆ ಗಡಿಯಾರ. ತಡವಾದ ಒಂದೊಂದು ನಿಮಿಷವೂ ಅವಳ ಖಾತೆಗೆ. ಇಳಿಸಿದರೆ ಧೈರ್ಯಸ್ಥೆ, ತಿರುಗಿಸಿದರೆ ಪುಕ್ಕಲಿ. ಆದರೆ ಮೊದಲ ಸಲ ಕಾಣದ ದೀಪ ಎರಡನೇ ಸಲ ಕಾಣುತ್ತದೆನ್ನಲು ಅವಳ ಹತ್ತಿರ ಆಸೆಯೊಂದನ್ನು ಬಿಟ್ಟು ಬೇರೆ ಕಾರಣವಿರಲಿಲ್ಲ.

“ಪಕ್ಕದ ಊರಿಗೆ ಹೋಗೋಣ ಸರ್.”

ಕ್ಯಾಪ್ಟನ್ ತಲೆಯಾಡಿಸಿ ರೇಡಿಯೋದಲ್ಲಿ ವಿಷಯ ತಿಳಿಸಿದರು. ಹಿಂದಿನಿಂದ ಉದ್ದನೆಯ ಒಂದು ಉಸಿರು ಕೇಳಿತು. ಮುಗಿಯಿತು ನನ್ನ ಕಥೆ, ಎಂದುಕೊಂಡಳು ಅವಳು.

ಪಕ್ಕದ ಊರಿನಲ್ಲಿ ವಿಮಾನ ಹೂವಿಟ್ಟ ಹಾಗೆ ಇಳಿಯಿತು. ಯಾರೂ ಹೊಗಳಲಿಲ್ಲ. ಪ್ರಯಾಣಿಕರು ಗೊಣಗಿದರು. ಗಗನಸಖಿ ಪೈಲಟ್‌ಗಳ ಊಟವನ್ನೂ ಹಸಿದ ಮಕ್ಕಳಿಗೆ ಹಂಚಿಬಿಟ್ಟಿದ್ದಳು. ಇಂಧನ ತುಂಬಿಸಲು ಕ್ಯಾಪ್ಟನ್ ಕೆಳಗಿಳಿದು ಹೋದ ಮೇಲೆ ಅವಳು ಹಿಂದಕ್ಕೆ ತಿರುಗಿದಳು. ಕಾದು ಸಾಯುವುದಕ್ಕಿಂತ ಕೇಳಿಬಿಡುವುದೇ ವಾಸಿ.

“ನನ್ನ ಬಗ್ಗೆ ಏನು ಹೇಳ್ಬೇಕೋ ಹೇಳಿ ಸರ್. ನಾಳೆ ಹೀಗೇ ಆದ್ರೂ ನಾನು ಮಾಡೋದು ಇದನ್ನೇ.”

ಅವರು ಅರ್ಥವಾಗದೆ ನೋಡಿದರು. ಆಮೇಲೆ ಅರ್ಥವಾಗಿ ಮೆಲ್ಲಗೆ ನಕ್ಕರು.

“ಪರೀಕ್ಷೆ ಮಾಡೋರು ಅಂದ್ಕೊಂಡ್ರಾ? ನಾನೂ ನಿಮ್ಮ ಹಾಗೇ ಪೈಲಟ್. ರಜದಲ್ಲಿದೀನಿ. ಬೇರೆ ಎಲ್ಲೂ ಸೀಟಿರ್ಲಿಲ್ಲ, ಇಲ್ಲಿ ಕೂತೆ. ಸರಿಯಾಗೇ ಮಾಡಿದ್ರಿ.”

“ಇದನ್ನ ತಿನ್ನಿ, ನಂಗೆ ಸೇರ್ತಿಲ್ಲ. ಇಷ್ಟೊತ್ತಿಗೆ ಆ ಊರಲ್ಲಿ ನನ್ನ ಮದುವೆ ಆಗಿರ್ಬೇಕಿತ್ತು,” ಎನ್ನುತ್ತ ಅವರು, ತೊಡೆಯ ಮೇಲೆ ಮುಟ್ಟದೆ ಇಟ್ಟುಕೊಂಡಿದ್ದ ತಮ್ಮ ಪಾಲಿನ ಊಟದ ಡಬ್ಬಿಯನ್ನು ಅವಳ ಕೈಗಿಟ್ಟರು.