ಏಳನೇ ಸುತ್ತಿನ ಪಿಸುಮಾತು

“ಮಾರಿಕೊಂಡ ಕಣ್ರೀ ನಮ್ಮ ಬಂಡೆ! ಉಂಡ ಮನೆಗೇ ದ್ರೋಹ ಬಗೆದ!” ಎಂದು ಕ್ಷೌರಿಕ ಗುಡುಗಿದಾಗ ಅವನ ಕತ್ತಿ ಗಿರಾಕಿಯ ಗಂಟಲ ಹತ್ತಿರವೇ ಇತ್ತು.

ಕುರ್ಚಿಯಲ್ಲಿ ಒರಗಿದ್ದ ಆಜಾನುಬಾಹು ಕಣ್ಣು ಮುಚ್ಚಿಕೊಂಡ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬಿಡುವುದುಂಟೇ? ಬೇಕಾದಾಗ ಭೂಮಿ ಎಂದೂ ಬಾಯಿ ಬಿಟ್ಟಿಲ್ಲ, ಬಿಡುವವರು ಜನ ಮಾತ್ರ.

ಮುಖದ ತುಂಬ ಪೊದೆಯಂಥ ಗಡ್ಡ. ಆ ಪಂದ್ಯ ಮುಗಿದ ಮರುದಿನದಿಂದ ಬೆಳೆಸಿದ್ದು, ಬೀದಿಯಲ್ಲಿ ಯಾರೂ ಗುರುತು ಹಿಡಿಯದಿರಲಿ ಎಂದು. ಇವತ್ತು ತೆಗೆಸಲೇಬೇಕೆಂದು ಬಂದಿದ್ದ. ಮಧ್ಯಾಹ್ನ ಬಾಕ್ಸಿಂಗ್ ಮಂಡಳಿಯ ವಿಚಾರಣೆ. ಬಾಕ್ಸರ್ ಬಂಡೆ ಪಂದ್ಯ ಮಾರಿಕೊಂಡನೆಂದು ತೀರ್ಮಾನವಾದರೆ ಜೀವನಪರ್ಯಂತ ನಿಷೇಧ. ಬಂಡೆ ಇದುವರೆಗೆ ತುಟಿ ಬಿಚ್ಚಿರಲಿಲ್ಲ.

“ಮಾರಿಕೊಂಡಿದ್ದೂ ಇಲ್ಲ, ಮಣ್ಣೂ ಇಲ್ಲ,” ಎಂದ ಬೆಂಚಿನ ಮೇಲೆ ಕೂತಿದ್ದ ಬಸ್ ಡ್ರೈವರ್. ಅವನು ಬಂಡೆಯನ್ನು ಸೋಲಿಸಿದ ಬಾಕ್ಸರ್ ಸಿಡಿಲಿನ ಪರಮಭಕ್ತ. “ನಮ್ಮ ಸಿಡಿಲು ಹೊಡೆದ, ನಿಮ್ಮ ಬಂಡೆ ಉರುಳ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!”

“ಡ್ರೈವರಣ್ಣ, ನೀನು ಏಳನೇ ಸುತ್ತು ನೋಡಿದ್ಯೋ ನಿದ್ದೆ ಹೊಡೀತಿದ್ಯೋ? ಆರು ಸುತ್ತು ನಮ್ಮವನು ನಿನ್ನ ಸಿಡಿಲನ್ನ ಹಿಟ್ಟು ನಾದಿದ ಹಾಗೆ ನಾದಿದ. ಏಳನೇದರಲ್ಲಿ ತಬ್ಕೊಂಡು ಕಿವೀಲಿ ಏನೋ ಪಿಸುಗುಟ್ಟಿದ. ಆಮೇಲೆ ಒಂದು ಏಟು ಹಾಕಿದ್ನಾ? ಎಲ್ಲಾ ಆ ಚಿನ್ನದ ಹಲ್ಲಿನ ಪ್ರೊಮೋಟರ್ ಕುದುರಿಸಿದ ವ್ಯಾಪಾರ!”

“ನಿಮ್ಮ ಪ್ರೊಮೋಟರ್ ಕಳ್ಳ ಅಂತ ಒಪ್ಕೊಂಡ್ಯಲ್ಲ, ಅಷ್ಟು ಸಾಕು.”

“ನಿಮ್ಮ ಸೂಟುಬೂಟಿನ ಪ್ರೊಮೋಟರ್ ಏನು ಸಾಚಾನಾ? ಇಬ್ಬರೂ ಒಂದೇ ಸಂತೆಯವರು!”

ಗಿರಾಕಿಯ ಕಿವಿ ಕೆಂಪಾಯಿತು. ಆ ಪಿಸುಮಾತು ನೆನಪಾಯಿತು. ಬೆಳಿಗ್ಗೆಯೂ ಪ್ರೊಮೋಟರ್ ಫೋನ್ ಮಾಡಿದ್ದ. “ಅಲ್ಲಿ ಹೋಗಿ ಬಾಯಿ ಬಿಟ್ಟೆಯೋ, ಮತ್ತೆ ಈ ಜನ್ಮದಲ್ಲಿ ರಿಂಗ್ ಹತ್ತಲ್ಲ ನೀನು. ತೆಪ್ಪಗಿರು.” ಹೆಂಡತಿ ಹೇಳಿದ್ದೇ ಬೇರೆ. “ಗೆದ್ದು ಬನ್ನಿ ಅನ್ನಲ್ಲ. ಮುಖ ಎತ್ಕೊಂಡು ಬನ್ನಿ.” ಎತ್ತಲು ಮುಖ ಎಲ್ಲಿತ್ತು? ಆರು ತಿಂಗಳಿಂದ ಕನ್ನಡಿಯನ್ನೇ ನೋಡಿರಲಿಲ್ಲ.

“ಬಿಡ್ರಿ, ಇವನ ಪುರಾಣ ಮುಗಿಯಲ್ಲ. ಚಹಾ ಕುಡೀರಿ,” ಎನ್ನುತ್ತ ಡ್ರೈವರ್ ಎಡಗಡೆಯಿಂದ ಲೋಟ ಚಾಚಿದ. ಗಿರಾಕಿ ಆ ಕಡೆಗೆ ತಿರುಗಿದ್ದೇ ತಡ, ಮೊಣಕೈ ತಗುಲಿ ಚಹಾ ಡ್ರೈವರ್‌ನ ಅಂಗಿಗೆ ಅಭಿಷೇಕವಾಯಿತು.

“ಏನ್ರೀ, ಕಣ್ಣು ಕಾಣಲ್ವಾ?”

“ತಪ್ಪಾಯ್ತು,” ಎಂದ ಗಿರಾಕಿ. ಅಷ್ಟು ಹೊತ್ತಿಗೆ ಅವನು ಆಡಿದ ಮೊದಲ ಮಾತು ಅದು.

ಕ್ಷೌರಿಕ ಮತ್ತೆ ಕತ್ತಿ ಎತ್ತಿಕೊಂಡ. “ಆ ಬಂಡೆ ಒಂದಿನ ಈ ಕುರ್ಚೀಲಿ ಕೂರಬೇಕು. ಗಡ್ಡ ಮಾತ್ರ ತೆಗೆದು ಬಿಡ್ತೀನಾ ನಾನು? ಮನೇಲಿ ಮೂರು ದಿನ ಒಲೆ ಹಚ್ಚಿಲ್ಲ ರೀ, ಅವನು ಬಿದ್ದಾಗ.” ಗಿರಾಕಿಗೆ ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಬಲಗೆನ್ನೆ ಬಯಲಾಯಿತು. ಆಮೇಲೆ ಗದ್ದ. ಆಮೇಲೆ ಹೊಲಿಗೆಯ ಗುರುತಿದ್ದ ತುಟಿ. ಕ್ಷೌರಿಕನ ಮಾತು ಕುಂಟಿತು, ಕೈ ನಿಂತಿತು. ಕತ್ತಿ ಗಾಳಿಯಲ್ಲೇ ಉಳಿಯಿತು.

ಗಿರಾಕಿ ಕದಲಲಿಲ್ಲ. ಕತ್ತು ಒಡ್ಡಿಕೊಂಡೇ ಕೂತ. ಕೊಯ್ದರೂ ಇವನದು ತಪ್ಪಲ್ಲ ಅನ್ನಿಸಿತು ಅವನಿಗೆ.

ಏನಾಯಿತೆಂದು ಡ್ರೈವರ್ ಬಗ್ಗಿ ನೋಡಿದ. ಒದ್ದೆ ಅಂಗಿಯಲ್ಲೇ ಜಿಗಿದು ಗಿರಾಕಿಯ ಎರಡೂ ಕೈ ಹಿಡಿದುಕೊಂಡ. “ಅಯ್ಯಯ್ಯೋ! ಸಿಡಿಲಣ್ಣಾ! ನೀವಾ? ನಮ್ಮ ಚಾಂಪಿಯನ್ನು! ಗೊತ್ತಾಗಲೇ ಇಲ್ವಲ್ಲ!”

ಕ್ಷೌರಿಕ ಕತ್ತಿ ಕೆಳಗಿಟ್ಟ. “ನೀವೇ ಹೇಳಿ ಸ್ವಾಮಿ. ನಮ್ಮವನು ನಿಮ್ಮ ಕಿವೀಲಿ ಏನಂದ? ತಾನು ಎಷ್ಟಕ್ಕೆ ಮಾರಿಕೊಂಡೆ ಅಂದ?”

“‘ನಿನ್ನ ಎಡಗಣ್ಣು ಹೋಗಿದೆ ಕಣೋ, ನಾನಿನ್ನು ಹೊಡೆಯಲ್ಲ, ಪಂದ್ಯ ನಿಲ್ಲಿಸಿ ಆಸ್ಪತ್ರೆಗೆ ಹೋಗು’ ಅಂದ,” ಎಂದ ಸಿಡಿಲು, ನೆಲ ನೋಡುತ್ತ. “ಕೈ ಇಳಿಸಿ ನಿಂತಿದ್ದವನ ದವಡೆಗೆ ನಾನು ಹೊಡೆದೆ.”